ಮಹಾಪ್ರಾಣ

ಬೇಳದ ಇಗರ್ಜಿಯ ಹಿಂದೆ, ಕರಿಕಲ್ಲಿನ ಮುಂದೆ
ಉಳಿ ಹಿಡಿದು ಕೂತಿದ್ದೇನೆ, ಟೀಚರ್.
ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು ತೆಗೆದವನಿಗೇ
ನಿಮ್ಮ ಹೆಸರು ಕೆತ್ತುವ ಕೆಲಸ.

'ಅಪೊಲಿನ್ ಕ್ರಾಸ್ತಾ' ಸಲೀಸಾಗಿ ಬಂತು.
ಕೆಳಗಿನ ಸಾಲು ಕೆತ್ತಿ, ಊದಿ, ನೋಡಿದರೆ
'ಅದ್ಯಾಪಿಕೆ'.

ತುಳು, ಮಲಯಾಳ, ಬ್ಯಾರಿ, ಮರಾಟಿ,
ಮನೆಗೊಂದು ಮಾತು ಹೊತ್ತು ಬಂದ ನಮಗೆ
ಆರೂವರೆಯ ಪೂಜೆ ಮುಗಿಸಿ, ಗುಡ್ಡ ಇಳಿದು ಬಂದು
ಕನ್ನಡ ತಿದ್ದಿಸಿದಿರಿ.
ಚೀಲದಲ್ಲಿ ಸೀಮೆಸುಣ್ಣ, ಅದರ ನಡುವೆಯೇ ಜಪಸರ;
ಕರಿಮಣಿಗಳೂ ಬೆಳ್ಳಗೆ.

ಪಾದ್ರಿಗಳ ಪ್ರಸಂಗದಲ್ಲಿ ಒತ್ತಕ್ಷರ ಜಾರಿದರೂ
ಮೂರನೇ ಬೆಂಚಿನಲ್ಲಿ ನಿಮ್ಮ ಹುಬ್ಬು ಏರುತ್ತಿತ್ತಂತೆ.
ಕೂಡಲೇ ತಲೆ ತಗ್ಗಿಸಿ
ಶಿಲುಬೆಯ ಗುರುತು ಹಾಕುತ್ತಿದ್ದಿರಂತೆ.

"ಅದರ ಹೊಟ್ಟೆ ಸೀಳು, ಪುತಾ.
ಅದು ಮಹಾಪ್ರಾಣ. ಉಸಿರು ಕೊಟ್ಟು ಹೇಳು."
ಎಷ್ಟು ಉಸಿರು ಕೊಟ್ಟರೂ ನನ್ನ ಬಾಯಲ್ಲಿ
ಬರೀ ದ.
ನೀವು ನಗಲಿಲ್ಲ. ಬೈಯಲೂ ಇಲ್ಲ.
"ನಾಳೆ ಬರುತ್ತದೆ" ಅಂದಿರಿ,
ನಾಲ್ಕನೇ ಕ್ಲಾಸು ಮುಗಿಯುವ ತನಕ.

ಈಗ ಉಸಿರು ಬಿಗಿಹಿಡಿದು ಒಂದೇ ಏಟು.
ಸಣ್ಣ ಗೀರು. ಧ.

ಕಲ್ಲಿನ ಹುಡಿ ಬೆರಳಿಗೆಲ್ಲ ಅಂಟಿದೆ.
ಒರೆಸಿಕೊಳ್ಳದೆ ನಿಂತಿದ್ದೇನೆ,
ಕಾಪಿ ಪುಸ್ತಕ ಒಡ್ಡಿಕೊಂಡು
ಮೇಜಿನ ಪಕ್ಕ ನಿಂತ ಹಾಗೆ.