ಹೆದೆ

ಜುಲೈ ಬಂತೆಂದರೆ ನೀಲಿ ರಟ್ಟಿನ ಆ ಖಾತೆಪುಸ್ತಕ
ನನ್ನ ಮೇಜಿಗೆ ಬರುತ್ತದೆ.
‘ದಾವಲಸಾಬ ನದಾಫ ಸ್ಮಾರಕ ಗಣಿತ ವಿದ್ಯಾರ್ಥಿವೇತನ’:
ಹೆಸರು ಉದ್ದ, ಪುಟ ಸಣ್ಣದು,
ಕೊನೆಯ ಸಾಲಿನಲ್ಲಿ ಪ್ರತಿ ವರ್ಷ
ನನ್ನದೇ ಕೈಬರಹದ ಸೊನ್ನೆ.

ಬಾಗಲಕೋಟೆಯ ಯಾವ ಬ್ಯಾಂಕಿನಲ್ಲೂ ಇದಕ್ಕೆ ಠೇವಣಿಯಿಲ್ಲ.
ಇಡೋಣ ಅಂದಿದ್ದೆವು ಏಳು ಜನ ಹಳೆಯ ಹುಡುಗರು,
ಸರ್ ಹೋಗಿ ನಲವತ್ತನೆಯ ದಿನ, ನವನಗರದ ಮನೆಯಲ್ಲಿ.
ಹಾಜರಾಬಿ ಅಮ್ಮ ಚಹಾದ ಬಸಿ ಕೆಳಗಿಟ್ಟು ಅಂದರು:
‘ಬಡ್ಡಿ ರೊಕ್ಕ ಅವರು ಮುಟ್ಟಿದವರಲ್ಲಪಾ.
ಈಗ ಅವರ ಹೆಸರಿಗೆ ಯಾಕ ಹಚ್ಚತೀರಿ?
ವರ್ಷಾ ಕೂಡಸ್ರಿ, ವರ್ಷಾ ಕೊಟ್ಟು ಮುಗಸ್ರಿ.
ನೆನಪಿದ್ರ ಮತ್ತ ಕೂಡತೈತಿ.’

‘ಮರತ್ರ?’ ಅಂತ ಕೇಳಿದವ ನಾನೇ.
‘ಮರತ್ರ ಮುಗೀತು. ಅದೂ ಒಂದು ಲೆಕ್ಕಾನ ಅಲ್ಲೇನು?’

ಸರ್ ತಂದೆ ಅರಳೆ ಹಿಂಜುವವರು.
ಈಗ ನೀರೊಳಗಿರುವ ಓಣಿಗಳಲ್ಲಿ
ಬಿಲ್ಲು ಹೆಗಲಿಗೇರಿಸಿ ಟುಂಯ್ ಟುಂಯ್ ಎನ್ನಿಸುತ್ತ ನಡೆದರೆ
ಮದುವೆಯ ಮನೆಗಳು ಹಳೇ ಗಾದಿ ಹೊರಗೆ ಹಾಕುತ್ತಿದ್ದವಂತೆ.
ಆ ಬಿಲ್ಲನ್ನೇ ಒಂದು ದಿನ ಬಿಎಸ್ಸಿ ಮೊದಲ ವರ್ಷಕ್ಕೆ ತಂದರು,
ಬೋರ್ಡಿಗೆ ಆನಿಸಿ ಹೆದೆ ಮೀಟಿದರು.
ಕಿಟಕಿಯ ಗಾಜು ಸಣ್ಣಗೆ ನಡುಗಿತು.

‘ನೀವು ಸೈನ್ ಅಂತೀರಿ. ಹಿಂದಿನವರು ಜ್ಯಾ ಅಂದ್ರು.
ಜ್ಯಾ ಅಂದ್ರ ಬಿಲ್ಲಿನ ಹೆದಿ.
ನಮ್ಮಪ್ಪ ಸಾಲಿ ಮೆಟ್ಟಲಾ ಹತ್ತಿದಾಂವಲ್ಲ,
ಜೀವಮಾನಪೂರ್ತಿ ತ್ರಿಕೋನಮಿತಿ ಹೊತಗೊಂಡು ತಿರಗ್ಯಾನ ನೋಡ್ರಿ.’
ನಾವು ನಕ್ಕೆವು. ಅವರು ನಗಲಿಲ್ಲ.
ಕೋಟಿನ ತೋಳಿಗೆ ಒಂದೆಳೆ ಅರಳೆ ಅಂಟಿತ್ತು,
ಎಷ್ಟು ವರ್ಷದ ಹಿಂದಿನದೋ.

ಅವರ ಟೆಸ್ಟಿನಲ್ಲಿ ನಾನು ಎರಡು ಸಲ ನಪಾಸು.
ಮೂರನೆಯ ಸಲ, ಲೆಕ್ಕದ ನಡುವೆ ಪೆನ್ನು ನಿಂತಾಗ ಬರೆದೆ:
ಇಲ್ಲಿತನಕ ಖರೆ ಐತಿ ಸರ್. ಮುಂದ ತಿಳೀವಲ್ದು.
ಬದಿಗೆ ಕೆಂಪು ಶಾಯಿಯಲ್ಲಿ ಅರ್ಧ ಅಂಕ, ಅದರ ಕೆಳಗೆ:
‘ತಿಳೀಲಾರದ್ದು ಎಲ್ಲಿಂದ ಶುರು ಅನ್ನೂದು ತಿಳದೈತಿ.’
ಆ ಅರ್ಧದಿಂದಲೇ ದಾಟಿದೆ,
ಅದೇ ಕಾಲೇಜಿನ ಕಾರಕೂನನಾದೆ.

ದುಡ್ಡು ಬರುತ್ತದೆ.
ಗದ್ದನಕೇರಿ ಕ್ರಾಸಿನ ಪಂಚರ್ ಅಂಗಡಿಯಿಂದ ನೂರಾ ಒಂದು.
ಇಳಕಲ್ಲಿನ ವಿಶಾಲಾಕ್ಷಿಯಿಂದ, ಮೊದಲ ಸೀರೆ ಮಾರಿದ ದಿನದ ಲಾಭ.
ಜಮಖಂಡಿ ಡಿಪೊದ ಕಂಡಕ್ಟರ್ ಬಸವಂತ
ತಪ್ಪದೆ ಕಳಿಸುವುದು ಮುನ್ನೂರಾ ಹದಿನಾಲ್ಕು, ಜೊತೆಗೊಂದು ಚೀಟಿ:
‘ಮ್ಯಾಲಿನ ಹದಿನೈದು ಪೈಸಾ ಬಾಕಿ. ಅದರ ಮುಂದಿಂದೂ ಬಾಕಿ.
ಈ ವೃತ್ತದ ಸಾಲ ತೀರೂ ಮಾತಲ್ಲ.’
ಕೊರೊನಾ ವರ್ಷ ಕೂಡಿದ್ದು ಎಂಟುನೂರಾ ನಲವತ್ತು.
ಅದನ್ನೂ ಕವರಿಗೆ ಹಾಕಿ ಕೊಟ್ಟೆವು, ತಲೆ ತಗ್ಗಿಸಿ.

ಈ ಸಲ ಪ್ರಾಚಾರ್ಯರು ತೊಂಬತ್ತೆಂಟು ಅಂಕದ ಹುಡುಗನ ಹೆಸರು ಹೇಳಿದರು.
ಜಾಣ ಹುಡುಗ, ತಕರಾರಿಲ್ಲ.
ನಾನು ಕಟ್ಟಿನ ಕೆಳಗಿಂದ ಇನ್ನೊಂದು ಪೇಪರು ಎಳೆದೆ:
ಸೋನಾಲಿ ಲಮಾಣಿ, ನಲವತ್ತೊಂದು.
ಎರಡು ಪುಟ ತುಂಬಿದ ಉತ್ತರವನ್ನು ತಾನೇ ಅಡ್ಡಗೆರೆಯಿಂದ ಹೊಡೆದು
ಬರೆದಿದ್ದಳು: ಇದು ತಪ್ಪು. ಯಾಕಂತ ನಾಳೆ ಹೇಳತೀನಿ.

‘ನಾಳೆ ಬಂದಳೇನ್ರಿ?’ ಅಂದರು ಪ್ರಾಚಾರ್ಯರು.
ಬಂದಿದ್ದಳು. ತಾಂಡಾದಿಂದ ಮೊದಲ ಬಸ್ಸಿಗೆ.
ಸ್ಟಾಫ್ ರೂಮಿನ ಬೀಗ ತೆಗೆಯುವ ಮೊದಲೇ
ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಬಿಡಿಸುತ್ತ ಕೂತಿದ್ದಳು.
ನಾನು ಕಂಡಿದ್ದೆ, ಬೀಗದ ಕೈ ನನ್ನ ಹತ್ತಿರವೇ ಇತ್ತು.

ಕವರು ಕೊಟ್ಟಾಯಿತು. ಸೊನ್ನೆ ಬರೆದಾಯಿತು.
ಸಂಜೆ ಸೈಕಲ್ಲು ಹಿಡಿದು ಹಿನ್ನೀರಿನ ದಂಡೆಗೆ ಹೋದೆ.
ಮೇ ತಿಂಗಳಲ್ಲಿ ಹೊರಬಿದ್ದಿದ್ದ ಓಣಿಯ ಅಡಿಪಾಯಗಳು
ಒಂದೊಂದಾಗಿ ಒಳಗೆ ಹೋಗುತ್ತಿದ್ದವು.
ಗಾಳಿ ಇತ್ತು, ನೀರ ಮೇಲೆ ಏರಿಳಿವ ಗೆರೆ ಇತ್ತು.
ನಾನು ಅದಕ್ಕೆ ಹೆಸರು ಹೇಳಲಿಲ್ಲ.

ಜೇಬಿನಲ್ಲಿ ಫೋನು ನಡುಗಿತು. ಬಸವಂತ:
‘ಬರೂ ವರ್ಷದ್ದು ಈಗ ಕಳಸಲೇನು? ಪಗಾರ ಆಗೈತಿ.’