ಬಾಗಿಲು ತೆರೆದಿದೆ

ಕೊಳ್ಳಬಹುದಾ ಅಂತ ನನ್ನನ್ನೇ ಕೇಳುತ್ತಾರೆ,
ಕೋಡಿಬಾಗದ ಈ ರಿಪೇರಿ ಅಂಗಡಿಗೆ ಬಂದು.

ನಾನೊಂದು ಬೋರ್ಡು ತೆಗೆದು ತೋರಿಸುತ್ತೇನೆ:
ಹದಿನಾಲ್ಕೇ ತಿಂಗಳು ಬಾಳಿದ ಸ್ಮಾರ್ಟ್ ವಾಷಿಂಗ್ ಮಷೀನಿನದು.
ತಾಮ್ರದ ಗೆರೆಗಳ ತುಂಬ ಹಸಿರು ಕಿಲುಬು,
ಉಪ್ಪುಗಾಳಿಯ ರುಜು.

ಬೈತಖೋಲದ ಸುಲಕ್ಷಾ ತಾಂಡೇಲ ಮಾತ್ರ
ಯಾರನ್ನೂ ಕೇಳದೆ ಕೊಂಡಳು
ಫೋನಿಗೆ ಸುದ್ದಿ ಕಳಿಸುವ ಫ್ರಿಜ್ಜು.
ಮಾರ್ಕೆಟ್ಟಿನಲ್ಲಿ ಇಸವಾಣ ಕೊಯ್ಯುವಾಗ
ಸೊಂಟದಲ್ಲಿ ಗುಂಯ್ ಅನ್ನುತ್ತದೆ:
ಬಾಗಿಲು ತೆರೆದಿದೆ.
ಪೊರೆ ಮೆತ್ತಿದ ಬೆರಳಿಗೆ ಪರದೆ ಓಗೊಡುವುದಿಲ್ಲ.
ಆದರೂ ನಗುತ್ತಾಳೆ:
ಶಾಲೆಯಿಂದ ಬಂದಳು ಮಗಳು,
ಸೋಲಕಡಿ ಹುಡುಕುತ್ತಿದ್ದಾಳೆ.

ಈ ಗಾಳಿಗೆ ಗ್ಯಾರಂಟಿ ಇಲ್ಲ ಬಾಯಿ, ಅಂದೆ.
ಗಂಡ ಬೋಟು ಹತ್ತುವಾಗ
ಯಾರು ಬರೆದುಕೊಟ್ಟಿದ್ದರು, ಅಂದಳು.

ಬೋರ್ಡಿಗೆ ಎರಡು ಕೋಟು ವಾರ್ನಿಷ್ ಬಳಿದೆ.
ಬಿಲ್ಲಿನಲ್ಲಿ ಒಂದೇ ಬರೆದೆ.