ನಾಳೆ ಒಂಬತ್ತೂವರೆಗೆ

ಹನ್ನೆರಡು ನಿಮಿಷ, ಐದನೇ ಕ್ಲಾಸು, ವಿಷಯ: ಆವಿಯಾಗುವಿಕೆ.
ಕಾಮಾಕ್ಷಿಪಾಳ್ಯದ ಈ ಒಂಟಿ ಕೋಣೆಯಲ್ಲಿ
ಬೀರುವಿನ ಹಸಿರು ಬಾಗಿಲೇ ಬೋರ್ಡು.
ಸೀಮೆಸುಣ್ಣ ತಾಗಿದರೆ ಓನರ್ ಆಂಟಿ ಬೈತಾರೆ;
ಚೊಂಬಿನಲ್ಲಿ ಬೆರಳದ್ದಿ ಬರೆಯುತ್ತೇನೆ.

"ಮಕ್ಕಳೇ" ಅಂದರೆ ಮಂಚ, ಬಕೀಟು ಕೇಳಿಸಿಕೊಳ್ಳುತ್ತವೆ.
ಪಕ್ಕದ ಮನೆ ಕುಕ್ಕರು ಮೂರು ಸಲ ಕೂಗುವುದರೊಳಗೆ
ಪೀಠಿಕೆ ಮುಗಿಯಬೇಕು.
ಹೋದ ಸಲ ಪೀಠಿಕೆಯಲ್ಲೇ "ಸಾಕು ಮೇಡಂ" ಅಂದಿದ್ದರು.
ಎರಡು ಬಸ್ಸು, ಸುಮನಹಳ್ಳಿಯ ಜಾಮು,
ಏಳಕ್ಕೇ ಹೊರಡಬೇಕು.

ಇಸ್ತ್ರಿ ಗಾಡಿಯ ಮುನಿಲಕ್ಷ್ಮಿಯ ಮಗಳು
ಸೀರೆ ಕೊಡಲು ಬಂದವಳು ಹೊಸ್ತಿಲಲ್ಲೇ ಕೂತಳು.
ನಾನು ವ್ಯಾಖ್ಯೆ ಒಪ್ಪಿಸುತ್ತಿದ್ದೆ,
ಅವಳು ಬೀರುವನ್ನೇ ನೋಡುತ್ತಿದ್ದಳು:
"ಮಿಸ್, 'ಆ' ಹೋಯ್ತು.
ಈಗ 'ವಿ'."

ಪಾಠಯೋಜನೆಯ ಮೂರೂ ಹಾಳೆ ಮಡಚಿಟ್ಟೆ.
ನಾಳೆ ಪರ್ಸಿನಲ್ಲಿ
ಒಂದು ಒದ್ದೆ ಕರ್ಚೀಫು.